ಫೀವರ್ ಎಂದು ಬರೆದ ಹುಡುಗಿ

ಕೋವಿಡ್ ಗಲಾಟೆ ಮುಗಿದು ಕಾಲೇಜುಗಳಲ್ಲಿ ಮತ್ತೆ ಪೂರ್ತಿ ಹಾಜರಾತಿ ಶುರುವಾದ ವರ್ಷ ಅದು. ನಾನು ರಾಮನಗರ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ವಿಭಾಗದ ಮುಖ್ಯಸ್ಥೆಯಾಗಿದ್ದೆ. ಮುಖ್ಯಸ್ಥೆ ಎನ್ನುವುದು ಕೇಳಲಿಕ್ಕೆ ಮಾತ್ರ ಜೋರು. ವಿಭಾಗದಲ್ಲಿ ಇದ್ದದ್ದು ನಾನು, ಒಬ್ಬ ಅತಿಥಿ ಉಪನ್ಯಾಸಕರು ಮತ್ತು ಫಾರ್ಮಲಿನ್ ವಾಸನೆ. ಈಗ ನಾನು ನಿವೃತ್ತಳಾಗಿದ್ದೇನೆ, ನನ್ನ ಸಿಟ್ಟು ಇನ್ನೂ ನಿವೃತ್ತವಾಗಿಲ್ಲ. ಆ ಒಂದು ಮಧ್ಯಾಹ್ನದ ವಿಷಯ ಬಂದರೆ ಈಗಲೂ ನನ್ನ ಧ್ವನಿ ಏರುತ್ತದೆ, ಮನೆಯವರು ಟಿವಿ ಸದ್ದು ಜಾಸ್ತಿ ಮಾಡಿಕೊಳ್ಳುತ್ತಾರೆ.

ಮೊದಲ ಸೆಮಿಸ್ಟರಿನಲ್ಲಿ ನಾವು ಕಲಿಸುತ್ತಿದ್ದದ್ದು ಜೀವಶಾಸ್ತ್ರದ ಆರಂಭದ ಪಾಠಗಳನ್ನು. ಜೀವಕೋಶ, ಪ್ರಾಣಿಗಳ ವರ್ಗೀಕರಣ, ಕೀಟಗಳ ಜೀವನಚಕ್ರ, ಜೊತೆಗೆ ವಾರಕ್ಕೊಂದು ಪ್ರಾಕ್ಟಿಕಲ್. ಮಕ್ಕಳು ಅಕ್ಕೂರು, ಕುದೂರು, ಕನಕಪುರದ ಕಡೆಯ ಹಳ್ಳಿಗಳಿಂದ ಬಸ್ಸಿನಲ್ಲಿ ನಿಂತುಕೊಂಡು ಬರುತ್ತಿದ್ದರು. ಹೆಚ್ಚಿನವರು ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿಯಲ್ಲಿ ಇಂಗ್ಲಿಷನ್ನು ಉರುಹೊಡೆದು ಹೇಗೋ ದಾಟಿಕೊಂಡವರು. ಮೈಟೋಕಾಂಡ್ರಿಯಾ ಎಂಬುದನ್ನು ನೋಟ್ಸಿನಲ್ಲಿ ಕನ್ನಡ ಅಕ್ಷರದಲ್ಲೇ ಬರೆದುಕೊಂಡು, ಪರೀಕ್ಷೆ ಹತ್ತಿರ ಬಂದಾಗ ಸ್ಪೆಲ್ಲಿಂಗ್ ಬಾಯಿಪಾಠ ಮಾಡುತ್ತಿದ್ದರು. ಅರ್ಥವಾಯಿತೇ ಎಂದು ಕೇಳಿದರೆ ಇಡೀ ತರಗತಿ ತಲೆಯಾಡಿಸುತ್ತಿತ್ತು. ಆ ತಲೆಯಾಡಿಸುವಿಕೆಯನ್ನು ನಾನು ಒಂದು ದಿನವೂ ನಂಬಿದವಳಲ್ಲ.

ತಲೆಯಾಡಿಸದೆ ಕೈ ಎತ್ತುತ್ತಿದ್ದವಳು ಪವಿತ್ರ. ಅಕ್ಕೂರಿನ ಹುಡುಗಿ, ಅವಳ ಅಪ್ಪ ಅಮ್ಮ ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುವವರು. ಜಿರಳೆಗೆ ಮೂಗಿಲ್ಲ ಎಂದು ನಾನು ಹೇಳಿದ ದಿನ ಎದ್ದು ನಿಂತು, "ಮೂಗೇ ಇಲ್ಲ ಅಂದ್ಮೇಲೆ ಔಷ್ದಿ ಹೊಡುದ್ರೆ ಅದು ಹೆಂಗೆ ಸಾಯ್ತದೆ ಮೇಡಂ?" ಎಂದು ಕೇಳಿದಳು. ಹುಡುಗರು ನಕ್ಕರು. ಅವಳು ಕ್ಯಾರೇ ಅನ್ನಲಿಲ್ಲ, ಉತ್ತರ ಬರುವವರೆಗೂ ನಿಂತೇ ಇದ್ದಳು. ಕೀಟದ ಮೈಪಕ್ಕದಲ್ಲಿ ಉಸಿರಾಡುವ ಸಣ್ಣ ಸಣ್ಣ ರಂಧ್ರಗಳಿವೆ ಎಂಬ ಪಾಠ ಅವತ್ತು ಆ ಪ್ರಶ್ನೆಯ ಮೇಲೆಯೇ ನಡೆಯಿತು. ಇಂಥ ಒಬ್ಬಳು ಮುಂದಿನ ಬೆಂಚಿನಲ್ಲಿದ್ದರೆ ಪಾಠ ಮಾಡುವವರಿಗೆ ಹೊಟ್ಟೆ ತುಂಬುತ್ತದೆ.

ಸೈನ್ಸ್ ಓದಬೇಕೆಂಬುದು ಅವಳ ಹಟ. ಮನೆಯಲ್ಲಿ ಅಷ್ಟೇನೂ ಇಷ್ಟವಿರಲಿಲ್ಲ. ಕಾಲೇಜಿಗೆ ಸೇರಿಸಲು ಬಂದ ದಿನವೇ ಅವಳ ಅಪ್ಪ ನನ್ನೆದುರು ಹೇಳಿದ್ದರು, "ಒಂದ್ ವರ್ಸ ನೋಡಾನ ಮೇಡಮ್ಮೋರೆ. ಒಂದ್ ಸಬ್ಜೆಕ್ಟ್ ಹೋಯ್ತು ಅಂದ್ರೆ ಬಿಡ್ಸಿ ಕಾಮರ್ಸ್‌ಗೆ ಹಾಕ್ಬುಡ್ತೀನಿ. ನಮ್ಮಂಥೋರ್ಗೆ ಸೈನ್ಸು ದಕ್ಕಾಕಿಲ್ಲ." ಒಳ್ಳೆಯ ಮನುಷ್ಯ, ಆದರೆ ಆಡಿದ ಮಾತಿನಂತೆ ನಡೆಯುವ ಮನುಷ್ಯ. ಆದ್ದರಿಂದ ಪವಿತ್ರಳಿಗೆ ಮೊದಲ ವರ್ಷ ಒಂದು ವಿಷಯದಲ್ಲೂ ಫೇಲಾಗುವಂತಿರಲಿಲ್ಲ.

ಇನ್ನು ಪ್ರಾಕ್ಟಿಕಲ್ ಪರೀಕ್ಷೆಯ ಕ್ರಮವನ್ನು ಸ್ವಲ್ಪ ಹೇಳಬೇಕು. ಇದನ್ನು ಇಬ್ಬರು ನಡೆಸುತ್ತಾರೆ. ಕಾಲೇಜಿನವರೇ ಒಬ್ಬರು ಇಂಟರ್ನಲ್, ಹೊರಗಿನಿಂದ ಬರುವವರು ಎಕ್ಸ್‌ಟರ್ನಲ್. ಮೇಜಿನ ಮೇಲೆ ಸ್ಪಾಟರ್‌ಗಳನ್ನು ಇಟ್ಟಿರುತ್ತೇವೆ, ಅಂದರೆ ಬಾಟಲಿಯಲ್ಲಿಟ್ಟ ಪ್ರಾಣಿ, ಸ್ಲೈಡು, ಮೂಳೆ ಇಂಥವು. ವಿದ್ಯಾರ್ಥಿ ಒಂದೊಂದನ್ನೂ ಗುರುತಿಸಿ ಅದರ ಚಿತ್ರ ಬರೆದು, ನಾಲ್ಕು ಸಾಲು ವಿವರಣೆ ಕೊಡಬೇಕು. ಆಮೇಲೆ ವೈವಾ, ಅಂದರೆ ಬಾಯಿಪ್ರಶ್ನೆ. ಕೊನೆಗೆ ಅಂಕಪಟ್ಟಿಗೆ ಇಬ್ಬರೂ ಸಹಿ ಹಾಕಬೇಕು. ಒಂದು ಸಹಿ ಇಲ್ಲದಿದ್ದರೂ ಪಟ್ಟಿ ಮೇಲಕ್ಕೆ ಹೋಗುವುದಿಲ್ಲ, ಸಹಿ ಬಿದ್ದ ಮೇಲೆ ಮರುಮೌಲ್ಯಮಾಪನವೂ ಇಲ್ಲ. ಪ್ರಾಕ್ಟಿಕಲ್‌ನಲ್ಲಿ ಫೇಲಾದರೆ ಮುಂದಿನ ವರ್ಷದವರೆಗೆ ಕಾಯಬೇಕು.

ಆ ವರ್ಷದ ಸ್ಪಾಟರ್‌ಗಳಲ್ಲಿ ಒಂದು ರೇಷ್ಮೆ ಹುಳು. ಈ ಹುಳು ಗೂಡು ಕಟ್ಟುವುದರೊಳಗೆ ನಾಲ್ಕು ಸಲ ಚರ್ಮ ಕಳಚುತ್ತದೆ. ಪ್ರತಿ ಸಲವೂ ಸೊಪ್ಪು ತಿನ್ನುವುದನ್ನು ಬಿಟ್ಟು, ತಲೆ ಮೇಲೆತ್ತಿಕೊಂಡು, ಒಂದು ದಿನದ ಮಟ್ಟಿಗೆ ಅಲ್ಲಾಡದೆ ಕೂತುಬಿಡುತ್ತದೆ. ಪುಸ್ತಕದಲ್ಲಿ ಇದಕ್ಕೆ ಮೋಲ್ಟಿಂಗ್ ಎಂದು ಹೆಸರು. ನಮ್ಮ ಸೀಮೆಯಲ್ಲಿ ಇದಕ್ಕೆ ಜ್ವರ ಅನ್ನುತ್ತಾರೆ. ಹುಳು ಜ್ವರಕ್ಕೆ ಕೂತವು, ಎರಡನೇ ಜ್ವರ ಎದ್ದವು, ನಾಲ್ಕನೇ ಜ್ವರ ಆಯಿತು ಅಂತ ದಿನಬೆಳಗಾದರೆ ಆಡುವ ಮಾತು. ನಾನು ಹುಟ್ಟಿದ್ದು ಕುದೂರಿನ ಹತ್ತಿರ. ನಮ್ಮ ಸೋದರತ್ತೆಯ ಮನೆಗೆ ಹೋದರೆ, "ಹುಳ ಜ್ವರದಾಗವೆ, ಒಳಕ್ಕೆ ಬರ್ಬೇಡಿ" ಎಂದು ಬಾಗಿಲಲ್ಲೇ ತಡೆಯುತ್ತಿದ್ದರು. ಕಾಯಿಲೆ ಅಂತ ಯಾರೂ ತಿಳಿದಿರಲಿಲ್ಲ.

ಪರೀಕ್ಷೆಯನ್ನು ಇಂಗ್ಲಿಷಿನಲ್ಲೇ ಬರೆಯಬೇಕಿತ್ತು. ಪವಿತ್ರ ಆ ಹುಳುವನ್ನು ನೋಡಿದಳು. ದಿನಾ ಮನೆಯಲ್ಲಿ ನೋಡುವ ಹುಳು. ಮನೆಯಲ್ಲಿ ಹೇಳುವುದನ್ನೇ ಶ್ರದ್ಧೆಯಿಂದ ಇಂಗ್ಲಿಷಿಗೆ ತಿರುಗಿಸಿ ಬರೆದಳು. 'ಸಿಲ್ಕ್‌ವರ್ಮ್ ಲಾರ್ವಾ. ಫೋರ್ತ್ ಫೀವರ್ ಈಸ್ ಫಿನಿಶ್ಡ್. ಇನ್ ಫೀವರ್ ಇಟ್ ವಿಲ್ ನಾಟ್ ಈಟ್.' ಮೋಲ್ಟಿಂಗ್ ಎಂಬ ಪದ ಅವಳಿಗೆ ಗೊತ್ತಿತ್ತು, ಜಿರಳೆಯ ಪಾಠದಲ್ಲಿ ಓದಿದ್ದಳು. ಅದು ಮತ್ತು ಇದು ಒಂದೇ ಎಂದು ಅವಳಿಗೆ ಹೊಳೆದಿರಲಿಲ್ಲ. ನಮ್ಮ ಪಠ್ಯದಲ್ಲಿ ಅದನ್ನು ಹೊಳೆಯಿಸುವ ಒಂದು ಸಾಲೂ ಇರಲಿಲ್ಲ.

ಎಕ್ಸ್‌ಟರ್ನಲ್ ಆಗಿ ಬಂದಿದ್ದವರು ಬೆಂಗಳೂರಿನ ಒಬ್ಬ ಪ್ರಾಧ್ಯಾಪಕರು. ಇಸ್ತ್ರಿ ಮಾಡಿದ ಮನುಷ್ಯ. ಬಂದಾಗಿನಿಂದ ನಮ್ಮ ಲ್ಯಾಬಿನ ಸ್ಟೂಲು, ಸಿಂಕು, ಮೈಕ್ರೋಸ್ಕೋಪು ಎಲ್ಲದರ ಬಗ್ಗೆಯೂ ನಗೆಚಾಟಿಕೆ ಮಾಡುತ್ತಿದ್ದರು. ಅತಿಥಿಗಳು ಎಂದು ಸುಮ್ಮನಿದ್ದೆ. ವೈವಾಕ್ಕೆ ಪವಿತ್ರ ಬಂದು ನಿಂತಾಗ ಅವರ ಕೈಯಲ್ಲಿ ಅವಳ ಉತ್ತರಪತ್ರಿಕೆ ಇತ್ತು. ಫೀವರ್ ಎಂಬಲ್ಲಿ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದರು.

"ಏನಮ್ಮಾ ಇದು, ಫೋರ್ತ್ ಫೀವರ್?"

"ನಾಕ್ನೇ ಜ್ವರ ಎದ್ದಿರೋ ಹುಳ ಸಾರ್. ತಲೆ ಒಸಿ ದಪ್ಪ ಆಗೈತೆ ನೋಡಿ. ಇನ್ಮೇಲೆ ಸೊಪ್ಪು ಜಾಸ್ತಿ ಕೇಳ್ತದೆ," ಎಂದಳು ಪವಿತ್ರ, ಉತ್ಸಾಹದಿಂದಲೇ.

ಅವರು ಕುರ್ಚಿಗೆ ಒರಗಿಕೊಂಡು, ಇಡೀ ಲ್ಯಾಬಿಗೆ ಕೇಳುವಂತೆ ಆ ಮೂರು ಸಾಲು ಓದಿದರು. "ಶೀತರಕ್ತದ ಪ್ರಾಣಿಗೆ ಜ್ವರ. ಥರ್ಮಾಮೀಟರ್ ಎಲ್ಲಿ ಇಡ್ತೀಯಮ್ಮ, ಬಾಯಲ್ಲೋ ಕಂಕುಳಲ್ಲೋ? ಮಾತ್ರೆ ಗೀತ್ರೆ ಕೊಡ್ತೀರಾ?"

ಕಾಯುತ್ತಾ ಕುಳಿತಿದ್ದ ಹುಡುಗರು ನಕ್ಕರು. ನನಗೆ ಮೈ ಉರಿದದ್ದು ಅದಕ್ಕೇ. ನಕ್ಕವರಲ್ಲಿ ಅರ್ಧ ಜನ ಹುಳು ಸಾಕುವ ಮನೆಯವರು. ಬೆಳಿಗ್ಗೆ ತಾವೇ ಜ್ವರದ ಹುಳುವಿಗೆ ಸುಣ್ಣದ ಪುಡಿ ಉದುರಿಸಿ ಬಸ್ಸು ಹತ್ತಿದವರು, ಮಧ್ಯಾಹ್ನ ಆ ಮಾತಿಗೆ ಹಲ್ಲು ಕಿರಿಯುತ್ತಿದ್ದರು. ಪವಿತ್ರಳ ಗೆಳತಿ ನಾಜಿಯಾ ಒಬ್ಬಳು ಬಾಯಿ ಬಿಟ್ಟಳು. ಅವಳ ಮನೆಯವರು ರಾಮನಗರದಲ್ಲಿ ರೇಷ್ಮೆ ಗೂಡು ಕೊಂಡು ನೂಲು ತೆಗೆಯುವವರು. "ಸಾರ್, ನಾವು ಗೂಡಷ್ಟೇ ನೋಡೋದು. ಆದ್ರೂ ಮಾರ್ಕೆಟ್‌ಗೆ ಬರೋ ರೈತ್ರೆಲ್ಲಾ ಹಂಗೇ ಅನ್ನೋದು," ಎಂದಳು.

"ನಿನ್ನ ನಂಬರ್ ಬಂದಾಗ ಮಾತಾಡು," ಎಂದರು ಅವರು.

ನಾನು ಪಕ್ಕದಲ್ಲೇ ಇದ್ದೆ. ಇದು ಇಲ್ಲಿನ ಬಳಕೆಯ ಮಾತು, ಮೋಲ್ಟಿಂಗ್ ಎಂದೇ ಅರ್ಥ ಎಂದು ಹೇಳಿದೆ. ಅವರು ನನ್ನ ಕಡೆ ತಿರುಗಲೂ ಇಲ್ಲ. "ಇದು ಯೂನಿವರ್ಸಿಟಿ ಎಕ್ಸಾಂ ಮೇಡಂ, ಸಂತೆ ಅಲ್ಲ," ಎಂದು ಮುಂದಿನ ಪ್ರಶ್ನೆ ಕೇಳಿದರು. ಪವಿತ್ರ ಉತ್ತರಿಸಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಹೋಗು ಎಂದಾಗ ಬ್ಯಾಗು ತೆಗೆದುಕೊಂಡು ಹೊರಟುಹೋದಳು.

ಸಂಜೆ ಅಂಕಪಟ್ಟಿ ನನ್ನ ಮುಂದೆ ಬಂತು. ವೈವಾಕ್ಕೆ ಸೊನ್ನೆ. ರೇಷ್ಮೆ ಹುಳುವಿಗೆ ಸೊನ್ನೆ. ಅಂದವಾಗಿ ಬರೆದ ಚಿತ್ರಗಳಿಗೂ ಕತ್ತರಿ. ಪಾಸಾಗಲು ಎರಡು ಅಂಕ ಕಡಿಮೆ.

"ನಾನು ಸಹಿ ಹಾಕೋದಿಲ್ಲ," ಎಂದೆ.

"ನಿಮ್ಮ ಸ್ಟೂಡೆಂಟ್‌ಗೆ ಮಾರ್ಕ್ಸ್ ಕೇಳ್ತಾ ಇದ್ದೀರಾ?"

"ಹೌದು, ಕೇಳ್ತಾ ಇದ್ದೀನಿ. ಅವಳು ಸರಿಯಾಗಿ ಬರೆದದ್ದಕ್ಕೆ ಕೇಳ್ತಾ ಇದ್ದೀನಿ. ಹುಳುವಿನ ಹೆಸರು ಸರಿ ಇದೆ, ಹಂತ ಸರಿ ಇದೆ, ಆ ಹೊತ್ತಿನಲ್ಲಿ ಅದು ತಿನ್ನುವುದಿಲ್ಲ ಅನ್ನೋದೂ ಸರಿ ಇದೆ. ಒಂದು ಪದ ತಪ್ಪಿದೆ, ಆ ಪದಕ್ಕೆ ಕಳೆಯಿರಿ. ಇಡೀ ಹುಡುಗಿಯನ್ನ ಯಾಕೆ ಕಳೀತೀರಿ?"

ಅವರಿಗೆ ರೈಲಿಗೆ ಹೊತ್ತಾಗಿತ್ತು. ಪ್ರಾಂಶುಪಾಲರನ್ನು ಕರೆಸಿದರು. ಪ್ರಾಂಶುಪಾಲರು ಯಾವತ್ತೂ ಜಗಳದ ವಾಸನೆಗೆ ಮೂಗು ಮುಚ್ಚಿಕೊಳ್ಳುವವರು. "ಎರಡು ಮಾರ್ಕ್ಸಿಗೆ ಇಷ್ಟೊಂದು ಯಾಕೆ ಮೇಡಂ? ಇವರು ಮೇಲೆ ರಿಪೋರ್ಟ್ ಕೊಟ್ಟರೆ ನಮ್ಮ ಎಕ್ಸಾಂ ಸೆಂಟರೇ ಹೋಗುತ್ತೆ. ಸಹಿ ಹಾಕಿ, ಮುಂದಿನ ವರ್ಷ ಬರ್ಕೋತಾಳೆ," ಎಂದು ನನ್ನನ್ನು ಪಕ್ಕಕ್ಕೆ ಕರೆದು ಗೋಗರೆದರು.

"ಮುಂದಿನ ವರ್ಷ ಅವಳು ಇಲ್ಲಿರೋದಿಲ್ಲ ಸಾರ್. ಇದೊಂದು ಹೋದರೆ ಅವರಪ್ಪ ಸೈನ್ಸೇ ಬಿಡಿಸ್ತಾರೆ. ರಿಪೋರ್ಟ್ ಕೊಡಲಿ, ನಾನೂ ಒಂದು ಕೊಡ್ತೀನಿ," ಎಂದೆ. ಪೆನ್ನಿನ ಮುಚ್ಚಳ ಹಾಕಿ ಕೈಕಟ್ಟಿ ಕುಳಿತೆ. ಅಷ್ಟು ವರ್ಷದ ನೌಕರಿಯಲ್ಲಿ ಮೇಲಿನವರ ಮುಂದೆ ನಾನು ಹಾಗೆ ಕುಳಿತದ್ದು ಅದೇ ಮೊದಲು.

ಕೊನೆಗೆ ಪ್ರಾಂಶುಪಾಲರೇ ದಾರಿ ಹುಡುಕಿದರು. ಹುಡುಗಿಯನ್ನು ವಾಪಸ್ ಕರೆಸಿ, ಇನ್ನೊಂದು ಸಲ ವೈವಾ ತೆಗೆದುಕೊಳ್ಳುವುದು. ಪಟ್ಟಿಗೆ ಇನ್ನೂ ಸಹಿ ಬಿದ್ದಿಲ್ಲವಾದ್ದರಿಂದ ಇಬ್ಬರು ಪರೀಕ್ಷಕರೂ ಒಪ್ಪಿದರೆ ತೊಂದರೆಯಿಲ್ಲ ಎಂದರು. ರೈಲಿನ ನೆನಪಾಗಿ ಎಕ್ಸ್‌ಟರ್ನಲ್ ಒಪ್ಪಿದರು. ಪವಿತ್ರ ಬಸ್ ಸ್ಟ್ಯಾಂಡಿನಲ್ಲಿದ್ದಳು. ನಾಜಿಯಾ ಫೋನ್ ಮಾಡಿ, ತಾನೇ ಹೋಗಿ ಕರೆದುಕೊಂಡು ಬಂದಳು. ಪವಿತ್ರಳ ಕಣ್ಣು ಕೆಂಪಾಗಿತ್ತು. ನಾನು ಗೆದ್ದೆ ಅಂದುಕೊಂಡೆ.

ಎಕ್ಸ್‌ಟರ್ನಲ್ ಅದೇ ಬಾಟಲಿಯನ್ನು ಮುಂದಿಟ್ಟರು. "ಈಗ ಹೇಳಮ್ಮ. ಈ ಹುಳ ಚರ್ಮ ಬಿಡುತ್ತಲ್ಲ, ಅದಕ್ಕೇನಂತಾರೆ?"

"ಮೋಲ್ಟಿಂಗ್ ಸಾರ್." ದಾರಿಯಲ್ಲಿ ನಾಜಿಯಾ ಹೇಳಿಕೊಟ್ಟಿದ್ದಳು ಎಂದು ಆಮೇಲೆ ತಿಳಿಯಿತು.

"ಎಷ್ಟು ಸಲ?"

"ಫೋರ್ ಟೈಮ್ಸ್ ಸಾರ್."

"ಮತ್ತೆ ಮಧ್ಯಾಹ್ನ ಏನೋ ಅಂದಿದ್ದೆ?"

ಪವಿತ್ರ ನೆಲ ನೋಡಿದಳು. "ತಪ್ಪಾಯ್ತು ಸಾರ್. ಇನ್ಮೇಲೆ ಹಂಗನ್ನಲ್ಲ."

"ತಪ್ಪೇನಿಲ್ಲ ಪವಿತ್ರ, ನೀನು ಹೇಳಿದ್ದು ಸರಿಯಾಗೇ ಇತ್ತು," ಎಂದು ನಾನು ಗಟ್ಟಿಯಾಗಿಯೇ ಹೇಳಿದೆ. ಅವಳು ನನ್ನ ಮುಖ ನೋಡಲಿಲ್ಲ. ಎಕ್ಸ್‌ಟರ್ನಲ್ ನಗುತ್ತಾ, "ನೋಡಿ ಮೇಡಂ, ಅವಳೇ ಒಪ್ಕೊಂಡ್ಲು," ಎಂದು ಸೊನ್ನೆಗಳನ್ನು ತಿದ್ದಿದರು. ಅವಳು ಪಾಸಾದಳು. ನಾವಿಬ್ಬರೂ ಸಹಿ ಹಾಕಿದೆವು, ಅವರು ರೈಲು ಹಿಡಿಯಲು ಹೊರಟರು. ಬಾಗಿಲವರೆಗೆ ಹೋಗಿ ಬೀಳ್ಕೊಡಬೇಕಾದ ಮರ್ಯಾದೆಯನ್ನು ನಾನು ಮಾಡಲಿಲ್ಲ.

ಹುಡುಗಿಯ ಮೇಲೂ ಸಿಟ್ಟು ಬಂದಿತ್ತು. ಲ್ಯಾಬ್ ಖಾಲಿಯಾದ ಮೇಲೆ ಕೇಳಿಯೇಬಿಟ್ಟೆ, "ಯಾಕೆ ತಪ್ಪಾಯ್ತು ಅಂದೆ? ನಾನು ಅಷ್ಟು ಜಗಳ ಆಡಿದ್ದು ಇದಕ್ಕಾ?"

ಅವಳು ಬ್ಯಾಗಿನ ಜಿಪ್ಪು ಎಳೆಯುತ್ತಾ, "ನಮ್ಮನೇಲಿ ಆಡೋ ಮಾತು ನಗೋ ಅಂಥದ್ದು ಅಂತ ನಂಗೆ ಗೊತ್ತಿರ್ಲಿಲ್ಲ ಮೇಡಂ," ಎಂದಳು.

ಆ ಎಕ್ಸ್‌ಟರ್ನಲ್ ಮೇಲೆ ಯೂನಿವರ್ಸಿಟಿಗೆ ಲಿಖಿತ ದೂರು ಕೊಟ್ಟೆ. ಉತ್ತರ ಬರಲಿಲ್ಲ. ಉತ್ತರ ಬರುವುದಿಲ್ಲ ಎಂದು ಗೊತ್ತಿದ್ದೇ ಕೊಟ್ಟಿದ್ದೆ. ನನ್ನ ಕೈಯಲ್ಲಿದ್ದದ್ದನ್ನು ಮಾಡೋಣ ಎಂದು ಮರುವರ್ಷದಿಂದ ಬೋರ್ಡಿನ ಮೇಲೆ ಎರಡೂ ಪದ ಬರೆಯತೊಡಗಿದೆ. ಮೋಲ್ಟಿಂಗ್ ಪಕ್ಕದಲ್ಲಿ ಜ್ವರ, ಕಕೂನ್ ಪಕ್ಕದಲ್ಲಿ ಗೂಡು. ಮೊದಲ ವರ್ಷದವರಿಗೆ ಬಾಟಲಿಯ ಸತ್ತ ಹುಳುವಿನ ಬದಲು ಜೀವಂತ ಹುಳುವನ್ನೇ ತೋರಿಸಬೇಕೆಂದು ಪವಿತ್ರಳ ಅಪ್ಪನಿಗೆ ಫೋನ್ ಮಾಡಿದೆ. ಪವಿತ್ರ ಆಗ ಎರಡನೇ ವರ್ಷದಲ್ಲಿದ್ದಳು. ಒಳ್ಳೆಯ ಅಂಕ ತೆಗೆಯುತ್ತಿದ್ದಳು, ಪ್ರಶ್ನೆ ಕೇಳುವುದನ್ನು ಮಾತ್ರ ನಿಲ್ಲಿಸಿದ್ದಳು. ಜೂನಿಯರ್‌ಗಳಿಗೆ ಅವಳೇ ವಿವರಿಸಲಿ ಎಂದು ಅವಳನ್ನೂ ಲ್ಯಾಬಿಗೆ ಕರೆದಿದ್ದೆ.

ಅಪ್ಪ ಬೈಕಿನಲ್ಲಿ ಹುಳುವಿನ ತಟ್ಟೆಯನ್ನು ಬಟ್ಟೆ ಮುಚ್ಚಿ ತಂದರು. ಮೇಜಿನ ಮೇಲೆ ಮೆಲ್ಲಗೆ ಇಳಿಸಿ, ಬಟ್ಟೆ ಸರಿಸಿದರು. ಹುಳುಗಳು ತಲೆಯೆತ್ತಿಕೊಂಡು ಸುಮ್ಮನೆ ಕೂತಿದ್ದವು. ಮಕ್ಕಳು ಮೇಜಿನ ಸುತ್ತ ಮುಗಿಬಿದ್ದರು.

"ಒಸಿ ದೂರ ನಿಂತ್ಕಳ್ರಪ್ಪ. ಜ್ವರಕ್ಕೆ ಕುಂತವೆ, ಅಲ್ಲಾಡಿಸ್ಬಾರ್ದು," ಎಂದರು ಅವರು.

ಪವಿತ್ರಳ ಮುಖ ಕೆಂಪಾಯಿತು. ಅಪ್ಪನ ತೋಳು ಹಿಡಿದು, ಮೆಲ್ಲಗೆ, ಆದರೂ ನನಗೆ ಕೇಳುವಂತೆ, "ಅಪ್ಪಾ, ಇಲ್ಲಿ ಹಂಗನ್ಬೇಡ. ಸುಮ್ಕಿರು," ಎಂದಳು.

ಆ ಮನುಷ್ಯ ಮಗಳ ಮುಖ ನೋಡಿದರು, ಬೋರ್ಡಿನ ಕಡೆ ನೋಡಿದರು, ಏನು ತಪ್ಪು ಆಡಿದೆನೆಂದು ತಿಳಿಯದೆ ಹಿಂದೆ ಸರಿದು ಗೋಡೆಗೆ ಒತ್ತಿ ನಿಂತರು. ಬೋರ್ಡಿನಲ್ಲಿ ನಾನು ದೊಡ್ಡದಾಗಿ ಬರೆದ ಜ್ವರ ಎಂಬ ಪದ ಇತ್ತು. ಅದರಿಂದ ಏನೂ ಪ್ರಯೋಜನವಾಗಲಿಲ್ಲ.

ಇಷ್ಟು ವರ್ಷ ಪಾಠ ಹೇಳಿ ನಾನು ಕಲಿತದ್ದು ಇದು. ಕಳೆದ ಅಂಕವನ್ನು ಜಗಳವಾಡಿ ವಾಪಸ್ ಪಡೆಯಬಹುದು. ಮನೆಮಾತಿನ ಬಗ್ಗೆ ಒಂದು ಸಲ ಹುಟ್ಟಿಸಿದ ನಾಚಿಕೆಯನ್ನು ಯಾವ ಸಹಿಯಿಂದಲೂ ತೆಗೆಯಲಾಗುವುದಿಲ್ಲ. ಅದನ್ನು ಹುಟ್ಟಿಸಿದವರು ರೈಲು ಹತ್ತಿ ಮರೆತುಬಿಟ್ಟಿರುತ್ತಾರೆ. ಹುಡುಗಿ ಅದನ್ನು ಮನೆಗೆ ತೆಗೆದುಕೊಂಡು ಹೋಗಿ ಅಪ್ಪನಿಗೆ ಕಲಿಸುತ್ತಾಳೆ.