ಬುಧವಾರ, ಹನ್ನೆರಡರೊಳಗೆ

ನಜರ್‌ಬಾದಿನ ಅಗರಬತ್ತಿ ಕಂಪನಿಯೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿ ನನಗೆ ಎರಡೂವರೆ ತಿಂಗಳಾಗಿತ್ತು. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿದ್ದ ಕಾಲ. ಹಳೆಯ ಮನೆಯೊಂದನ್ನೇ ಆಫೀಸು ಮಾಡಿದ್ದರು. ಗಂಧದ ಪುಡಿ ಕೀಬೋರ್ಡಿನ ಸಂದಿಗೂ ಇಳಿದಿರುತ್ತಿತ್ತು. "ಮೂರು ತಿಂಗಳು ನೋಡಿ ಕಾಯಂ ಮಾಡ್ತೀನಿ" ಎಂದಿದ್ದರು ಯಜಮಾನರು. ಉಳಿದಿದ್ದದ್ದು ಹದಿನೈದು ದಿನ.

ಆ ಬುಧವಾರ ನಾನಿನ್ನೂ ಸೈಕಲ್ ನಿಲ್ಲಿಸಿರಲಿಲ್ಲ, ಹೆಡ್ ಕ್ಲರ್ಕ್ ಅಮ್ಮನವರು ಕಿಟಕಿಯಿಂದಲೇ ಕೂಗಿದರು.

"ಲೋ ಮಗಾ, ಬೇಗ ಬಾರೋ. ನನ್ನ ಫೋಲ್ಡರೇ ಕಾಣೆಯಾಗ್ಬುಟ್ಟಿದೆ ಕಣೋ!"

ನೋಡಿದೆ. ಲಾರಿಗೆ ಕೊಡುವ ಸರಕಿನ ಪಟ್ಟಿಗಳಿದ್ದ ಫೋಲ್ಡರ್ ಇಲ್ಲ, ಪ್ರಿಂಟರ್ ಇಲ್ಲ. ಯಾರಿಗೆ ಯಾವ ಫೋಲ್ಡರ್, ಯಾವ ಪ್ರಿಂಟರ್ ಎಂಬ ಕಟ್ಟಳೆಗಳನ್ನು ಸರ್ವರ್ ಎಂಬ ಮುಖ್ಯ ಕಂಪ್ಯೂಟರ್ ದಿನವೂ ಉಳಿದ ಕಂಪ್ಯೂಟರುಗಳಿಗೆ ಕಳಿಸುತ್ತದೆ. ಗ್ರೂಪ್ ಪಾಲಿಸಿ ಎನ್ನುವುದು ಅದಕ್ಕೇ. ಈ ಕಂಪ್ಯೂಟರಿಗೆ ಮಾತ್ರ ಅದನ್ನು ಓದಲಾಗಿರಲಿಲ್ಲ. ದೋಷಗಳ ಪಟ್ಟಿ ತೆರೆದರೆ ಸಾಲಿಗೆ ಸಾಲೇ ಕೆಂಪು.

ಇದು ನನ್ನಿಂದಲೇ ಆಗಿರಬೇಕೆಂದು ಹೆದರಿದೆ. ಕಾರಣವಿತ್ತು. ಹಿಂದಿನ ವಾರ, ಹಳೆಯ ಕಂಪ್ಯೂಟರುಗಳು ಚುರುಕಾಗಲಿ ಎಂದು, ಬೇಡವೆನಿಸಿದ ಏನೇನನ್ನೋ ಯಾರನ್ನೂ ಕೇಳದೆ ನಿಲ್ಲಿಸಿಬಿಟ್ಟಿದ್ದೆ. ಯಾವುದರಿಂದ ಯಾವುದು ಕೆಟ್ಟಿತೋ! ಬಾಯಿಬಿಟ್ಟು ಹೇಳುವ ಧೈರ್ಯವಿರಲಿಲ್ಲ.

ಗೇಟಿನಲ್ಲಿ ಲಾರಿ ನಿಂತಿತ್ತು. ಪಟ್ಟಿ ಇಲ್ಲದೆ ಅದು ಹೊರಡುವಂತಿಲ್ಲ. ಬುಧವಾರ ಹನ್ನೆರಡಕ್ಕೆ ರಾಹುಕಾಲ ಶುರು. ಯಜಮಾನರ ಸರಕು ರಾಹುಕಾಲದಲ್ಲಿ ಗೇಟು ದಾಟಿದ್ದೇ ಇಲ್ಲ.

ಕೇಬಲ್ ಕಿತ್ತು ಚುಚ್ಚಿದೆ. ಎರಡು ಸಲ ಆರಿಸಿ ಹಚ್ಚಿದೆ. ಕಟ್ಟಳೆಗಳನ್ನು ಮತ್ತೆ ತರಿಸುವ ಆಜ್ಞೆ ಕೊಟ್ಟರೆ ಅದೇ ದೋಷ. ಸರ್ವರಿನಿಂದಲೇ ಪಟ್ಟಿ ತೆಗೆದು ಪ್ರಿಂಟ್ ಕೊಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅಂದು ಅದು ತಲೆಗೇ ಹೊಳೆಯಲಿಲ್ಲ, ಅಷ್ಟು ಹೆದರಿದ್ದೆ.

ಲಾರಿ ಡ್ರೈವರ್ ಬಾಗಿಲಲ್ಲಿ ಇಣುಕಿ ನಕ್ಕ: "ಏನಣ್ಣೋ, ಕಂಪ್ಯೂಟರ್‌ಗೇ ರಾಹು ಇಡ್ಕಂಬುಟ್ಟವ್ನಾ?"

ಅವನ ಹಿಂದೆಯೇ ಯಜಮಾನರು. ಅವರು ನಗಲಿಲ್ಲ. "ಆಗುತ್ತೋ ಇಲ್ವೋ ಹೇಳ್ಬುಡಯ್ಯ. ಸರಸ್ವತಿಪುರಂನಲ್ಲಿ ಒಬ್ಬ ಇದಾನಂತೆ, ಕರೆಸ್ತೀನಿ. ಆಮೇಲೆ ಅವನೇ ಇರ್ತಾನೆ."

"ಆಗುತ್ತೆ ಸಾರ್" ಎಂದೆ.

ಅಮ್ಮನವರ ಪರದೆಯ ಮೂಲೆಯಲ್ಲಿ ಹನ್ನೊಂದೂ ನಲವತ್ತು. ಇನ್ನು ಇಪ್ಪತ್ತೇ ನಿಮಿಷ! ಉಗ್ರಾಣದಲ್ಲಿಟ್ಟಿದ್ದ ಸರ್ವರಿನ ಬಳಿಗೆ ಓಡಿದೆ. ಅಲ್ಲಿ ಹನ್ನೊಂದೂವರೆ. ಅಬ್ಬಾ, ಇನ್ನೂ ಅರ್ಧ ಗಂಟೆಯಿದೆ ಎಂದು ಉಸಿರು ಬಿಟ್ಟವನು ಹಾಗೇ ನಿಂತೆ. ಒಂದೇ ಆಫೀಸಿನಲ್ಲಿ ಎರಡು ಹೊತ್ತು ಹೇಗೆ?

ಓಡಿ ಬಂದು ಕೇಳಿದೆ: "ಅಮ್ಮಾ, ಇದರ ಟೈಮು ಯಾರಾದ್ರೂ ಮುಟ್ಟಿದ್ರಾ?"

"ನಾನೇ ಕಣೋ, ನಿನ್ನೆ ಸಾಯಂಕಾಲ. ಪಟ್ಟೀಲಿ ಒಂದು ಟೈಮು, ಗೋಡೇಲಿ ಒಂದು ಟೈಮು ಬಂದ್ರೆ ಚೆನ್ನಾಗಿರುತ್ತಾ? ಅದಕ್ಕೇ ಗೋಡೆ ಗಡಿಯಾರಕ್ಕೆ ಸರಿಯಾಗಿ ಇಟ್ಟೆ."

ಗೋಡೆ ಗಡಿಯಾರವೋ, ಹತ್ತು ನಿಮಿಷ ಮುಂದೆ. ಲಾರಿ ರಾಹುಕಾಲಕ್ಕೆ ಸಿಕ್ಕಬಾರದೆಂದು ಅಮ್ಮನವರೇ ವರ್ಷಗಳಿಂದ ಹಾಗಿಟ್ಟುಕೊಂಡು ಬಂದಿದ್ದರು.

ಸರ್ವರಿಗೂ ಕಂಪ್ಯೂಟರಿಗೂ ಐದು ನಿಮಿಷಕ್ಕಿಂತ ಹೆಚ್ಚು ಅಂತರ ಬಿದ್ದರೆ ಸರ್ವರ್ ಆ ಕಂಪ್ಯೂಟರನ್ನು ನಂಬುವುದಿಲ್ಲ, ಒಳಗೆ ಬಿಡುವುದಿಲ್ಲ. ಗಡಿಯಾರವನ್ನು ತಾನಾಗಿಯೇ ಸರಿಪಡಿಸುವ ಏರ್ಪಾಡೊಂದು ಕಂಪ್ಯೂಟರಿನಲ್ಲೇ ಇರುತ್ತದೆ. ನಾನು ನಿಲ್ಲಿಸಿದ್ದವುಗಳಲ್ಲಿ ಅದೂ ಒಂದು.

ಟೈಮು ಹಿಂದಿಟ್ಟು ಆರಿಸಿ ಹಚ್ಚಿದೆ. ಫೋಲ್ಡರ್ ಬಂತು. ಪ್ರಿಂಟರ್ ಗರಗರ ಎಂದಿತು. ಲಾರಿ ಗೇಟು ದಾಟುವಾಗ ಗೋಡೆಯಲ್ಲಿ ಹನ್ನೆರಡೂ ಎರಡು. ಯಜಮಾನರ ಕೈಗಡಿಯಾರದಲ್ಲಿ ಇನ್ನೂ ಎಂಟು ನಿಮಿಷ ಬಾಕಿ.

"ಏನಾಗಿತ್ತು?" ಎಂದರು.

ಅಮ್ಮನವರು ಬಾಗಿಲಲ್ಲಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತಿದ್ದರು. ಅವರ ಹೆಸರು ಹೇಳಿ ನಾನು ಪಾರಾಗಬಹುದಿತ್ತು.

"ಟೈಮು ಸರಿಮಾಡ್ಕೊಳ್ಳೋದನ್ನ ನಾನೇ ನಿಲ್ಲಿಸಿದ್ದೆ ಸಾರ್. ಯಾರನ್ನೂ ಕೇಳ್ದೆ."

"ಅವನೊಬ್ನದೇ ಅಲ್ಲ ಸಾರ್" ಎಂದರು ಹಿಂದಿನಿಂದ ಅಮ್ಮನವರು. "ಗಡಿಯಾರ ತಿರುಗಿಸಿದ್ದು ನಾನು."

ಯಜಮಾನರು ನಮ್ಮಿಬ್ಬರನ್ನೂ ನೋಡಿದರು. ಆ ಕ್ಷಣದಷ್ಟು ಭಯ ಬೆಳಗಿನಿಂದಲೂ ಆಗಿರಲಿಲ್ಲ.

"ಇನ್ನೂ ಮೂರು ತಿಂಗಳು ನೋಡ್ತೀನಿ" ಎಂದು ಒಳಗೆ ಹೋದರು.

ಊಟವಾದ ಮೇಲೆ ಒಂದೊಂದೇ ಕಂಪ್ಯೂಟರಿಗೆ ಹೋಗಿ, ನಿಲ್ಲಿಸಿದ್ದನ್ನೆಲ್ಲ ಮತ್ತೆ ಶುರು ಮಾಡಿದೆ. ಪ್ರತಿ ಸಲವೂ ಅಲ್ಲಿ ಕೂರುವವರನ್ನು ಪಕ್ಕಕ್ಕೆ ಕರೆದು, ಏನು ಮಾಡುತ್ತಿದ್ದೇನೆಂದು ಮೊದಲು ಹೇಳಿ, ಆಮೇಲೆಯೇ ಗುಂಡಿ ಒತ್ತಿದೆ.