ಆರದ ಬ್ಯಾಟರಿ

ಕೊಡಗು ಮೈಸೂರಿಗೆ ಸೇರಿದ ಮರುವರ್ಷ ಕುಶಾಲಪ್ಪ ಪೊನ್ನಂಪೇಟೆಯಿಂದ ಹೊಸ ಬ್ಯಾಟರಿ ತಂದ. ಹಾಡುಹಗಲೇ ಅದನ್ನು ಹೊತ್ತಿಸಿ ಹೆಂಡತಿ ದೇವಕ್ಕಿಯ ಮುಖಕ್ಕೆ ಹಿಡಿದ.

"ಆ ಹೊಗೆ ಲಾಟೀನು ಇನ್ನು ನೀನೇ ಇಟ್ಕೊ ಮಾರಾಯ್ತಿ. ಇದು ಎಂತ ಗಾಳಿಗೂ ಆರೋದಿಲ್ಲ."

"ಮದುವೆ ದಿನಾನೂ ನಿಮ್ಮ ಮುಖ ಹೀಗೆ ಬೆಳಗಿರ್ಲಿಲ್ಲ" ಅಂದಳು ದೇವಕ್ಕಿ.

ತೋಟದ ಪಾಳು ಬಾವಿಗೆ ಅವರು ಕಾಫಿ ಸಿಪ್ಪೆ ಸುರಿಯುತ್ತಿದ್ದರು. ಅದು ಕೊಳೆತ ಮೇಲೆ ಕುಶಾಲಪ್ಪ ಇಳಿದು ಗಿಡಗಳಿಗೆ ಗೊಬ್ಬರ ತೆಗೆಯುತ್ತಿದ್ದ. ಮೊದಲು ದೀಪ ಇಳಿಬಿಡು, ಆರಿದರೆ ಇಳಿಯಬೇಡ ಎಂದು ಅವನಪ್ಪ ಹೇಳಿದ್ದರು. ಯಾಕೆಂದು ಹೇಳಿರಲಿಲ್ಲ.

ಮಾರನೆಯ ದಿನ ಅವನು ಹಗ್ಗಕ್ಕೆ ಬ್ಯಾಟರಿ ಕಟ್ಟಿ ಬಾವಿಗೆ ಇಳಿಬಿಟ್ಟ. ಅದು ಆರಲಿಲ್ಲ. ಇಳಿದ. ದೇವಕ್ಕಿ ಕೂಗಿದರೆ ಉತ್ತರವಿಲ್ಲ. ಬಗ್ಗಿ ನೋಡಿದಳು. ಬ್ಯಾಟರಿ ಉರಿಯುತ್ತಲೇ ಇತ್ತು, ಆ ಬೆಳಕಿನಲ್ಲಿ ಅವನು ಮಗುಚಿ ಬಿದ್ದಿದ್ದ. ಇಳಿಯಲು ಹೋದವಳು ಹೆದರಿ ಹಿಂದೆ ಸರಿದಳು. ಆ ಹೆದರಿಕೆಯಿಂದಲೇ ಉಳಿದಳು.

ಸಿಪ್ಪೆ ಕೊಳೆಯುವಾಗ ಬಿಡುವ ಗಾಳಿ ತಳದಲ್ಲಿ ನಿಲ್ಲುತ್ತದೆ, ಅದರಲ್ಲಿ ಬೆಂಕಿಯೂ ಬದುಕುವುದಿಲ್ಲ, ಮನುಷ್ಯನೂ ಬದುಕುವುದಿಲ್ಲ ಎಂದು ಶಾಲೆಯ ಮೇಷ್ಟ್ರು ಆಮೇಲೆ ಹೇಳಿದರು. ಅದೇ ಗಾಳಿ ಮೇಲೆ ಬಂದರೆ ಎಲೆಗಳಿಗೆ ಊಟವಂತೆ. ಆ ವರ್ಷ ಬಾವಿಯ ಸುತ್ತಲಿನ ಗಿಡಗಳು ಕೊಂಬೆ ಬಗ್ಗುವಷ್ಟು ಹಣ್ಣು ಬಿಟ್ಟವು. ದೇವಕ್ಕಿ ಒಂದನ್ನೂ ಮುಟ್ಟಲಿಲ್ಲ.

ಈಗ ಗೊಬ್ಬರಕ್ಕೆ ಇಳಿಯುವವನು ಮೈದುನ ಬೆಳ್ಯಪ್ಪ.

"ನಿನ್ನೆ ತಾನೇ ನೋಡಿದ್ದಲ್ವಾ ಅತ್ತಿಗೆ" ಎಂದು ಅವನು ಗೊಣಗುತ್ತಾನೆ. ದೇವಕ್ಕಿ ದಿನಾ ಬೆಳಿಗ್ಗೆ ಲಾಟೀನಿನ ಗಾಜು ಒರೆಸಿ, ಹಚ್ಚಿ, ಹಗ್ಗ ಹಿಡಿದು ಬಾವಿಗೆ ಇಳಿಬಿಡುತ್ತಾಳೆ.