ನನ್ನ ಶೇರು, ಅವರ ಶುಂಠಿ

ಆ ಶೇರುಗಳನ್ನು ನಾನು ಕೊಂಡದ್ದು ನನ್ನ ಸಂಬಳದಲ್ಲಿ. ಹಾಸನದ ಒಂದು ಖಾಸಗಿ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಪಾಠ ಮಾಡುತ್ತೇನೆ. ನಿಂತು ನಿಂತು ಮಂಡಿ ಸವೆದಿದೆ. ಐವತ್ತೈದಕ್ಕೆ ಕೆಲಸ ಬಿಡಬೇಕು, ಆಮೇಲೆ ಯಾರ ಮುಂದೆಯೂ ಕೈ ಚಾಚಬಾರದು ಎಂಬ ಒಂದೇ ಆಸೆಗೆ ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವೇ ಕೊಳ್ಳುತ್ತಾ ಬಂದಿದ್ದೆ. ಪ್ರಯೋಗಾಲಯಗಳಿಗೆ ಉಪಕರಣ ಮಾಡುವ ಕಂಪನಿ. ಮಾರಾಟ ಬೆಳೆಯುತ್ತಿತ್ತು, ಸಾಲವಿರಲಿಲ್ಲ, ಬಂದ ಲಾಭವನ್ನು ಹೊಸ ಕಾರ್ಖಾನೆಗೆ ಹಾಕುತ್ತಿದ್ದರು. ನನಗೆ ಅಷ್ಟು ಸಾಕಿತ್ತು.

ಒಂದು ಸಂಜೆ ಟಿವಿಯಲ್ಲಿ ಕೋಟು ತೊಟ್ಟ ವಿಶ್ಲೇಷಕನೊಬ್ಬ ಆ ಶೇರನ್ನು ಮಾರಿಬಿಡಿ ಎಂದ. ಬೆಲೆ ಲಾಭಕ್ಕಿಂತ ಮುಂದೆ ಓಡಿದೆ, ಇನ್ನಾರು ತಿಂಗಳು ಕಷ್ಟವಿದೆ ಎಂದ. ಮರುದಿನವೇ ಬೆಲೆ ಜಾರಿತು.

ನಾನೇನೂ ಅವನ ಮಾತನ್ನು ತಳ್ಳಿಹಾಕಲಿಲ್ಲ. ಕಂಪನಿಯ ವರದಿ ತೆಗೆದು ಮತ್ತೆ ಓದಿದೆ. ಬೆಲೆ ದುಬಾರಿ ಅನ್ನುವುದು ನಿಜವೇ. ಆದರೆ ಅವನ ಲೆಕ್ಕ ಆರು ತಿಂಗಳದ್ದು, ನನಗೆ ದುಡ್ಡು ಬೇಕಿದ್ದುದು ಎಂಟು ವರ್ಷದ ಮೇಲೆ. ಕಂಪನಿ ಕೆಟ್ಟಿದೆ ಎಂದು ಅವನೂ ಹೇಳಿರಲಿಲ್ಲ. ಇಟ್ಟುಕೊಳ್ಳುವುದೇ ಸರಿ ಎಂದು ನಿರ್ಧರಿಸಿದೆ.

ನನ್ನ ಗಂಡನಿಗೆ ಅದು ಹಿಡಿಸಲಿಲ್ಲ. ಅವರದು ಅರಕಲಗೂಡು ಕಡೆಯ ಶುಂಠಿ ಬೆಳೆಯುವ ಮನೆ. ಶುಂಠಿಯಲ್ಲಿ ಒಂದು ಮೂಲೆಯ ಎಲೆ ಹಳದಿಯಾದರೆ ಕೊಳೆರೋಗ ಬಂತೆಂದು ಇಡೀ ಹೊಲ ಕಿತ್ತು, ಸಿಕ್ಕಿದ ಬೆಲೆಗೆ ಕೊಟ್ಟುಬಿಡುತ್ತಾರೆ. ಕಾದರೆ ಪೂರ್ತಿ ನಾಶ.

"ಎಲೆ ಅಳದಿ ಆದ್ಮ್ಯಾಕೆ ಕಾಯ್ಕಂಡ್ ಕೂತ್ರೆ ಎಲ್ಲಾ ಕೊಳ್ತೋಯ್ತದೆ ಕಣೆ" ಎಂದರು. "ಟಿವಿಯೋರೇ ಏಳ್ತಾವ್ರೆ. ನೀನು ಅವ್ರಿಗಿಂತ ದೊಡ್ಡೋಳಾ?"

ಕಾಲೇಜಿನಲ್ಲಿ ನೂರು ಮಕ್ಕಳಿಗೆ ಪಾಠ ಹೇಳುವವಳಿಗೆ ಮನೆಯಲ್ಲಿ ಒಬ್ಬರಿಗೆ ತಿಳಿಹೇಳಲಾಗಲಿಲ್ಲ. ಊಟದ ಹೊತ್ತಿಗೆ ಅದೇ ಮಾತು, ಕಾಫಿ ಹೊತ್ತಿಗೆ ಅದೇ ಮಾತು. ಆಮೇಲೆ ಮಾತೇ ನಿಂತುಹೋಯಿತು, ಬಡಿಸಿದ ತಟ್ಟೆ ಹಾಗೇ ಉಳಿಯತೊಡಗಿತು. ಸಾಕಪ್ಪಾ ಸಾಕು ಎನ್ನಿಸಿ ಒಂದು ಬೆಳಿಗ್ಗೆ ಅವರ ಎದುರಿಗೇ ಫೋನು ಒತ್ತಿ ಎಲ್ಲವನ್ನೂ ಮಾರಿದೆ. ಅವತ್ತು ಅವರು ಎರಡು ದೋಸೆ ಜಾಸ್ತಿ ತಿಂದರು.

ಬೆಲೆ ಇನ್ನಷ್ಟು ಇಳಿದಾಗ, ತಾವೇ ಮಾರಿಸಿದ್ದು ಎಂದು ನೆಂಟರಿಷ್ಟರಿಗೆಲ್ಲ ಫೋನು ಮಾಡಿ ಹೇಳಿಕೊಂಡರು. ಆಮೇಲೆ ಅದು ಏರಿತು, ಏರುತ್ತಲೇ ಹೋಯಿತು, ನಾವು ಮಾರಿದ ಬೆಲೆಯನ್ನೂ ದಾಟಿತು. ಮಾರಿ ಎಂದಿದ್ದವನೇ ಈಗ ಕೊಳ್ಳಿ ಎಂದ, ಮುಖದಲ್ಲಿ ಚೂರೂ ನಾಚಿಕೆಯಿಲ್ಲದೆ. ಆದರೂ ಅವನ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಅವನಿಗೆ ನನ್ನ ಮಂಡಿನೋವು ಗೊತ್ತಿರಲಿಲ್ಲ.

ಮಾರಿ ಬಂದ ದುಡ್ಡು ಬ್ಯಾಂಕಿನಲ್ಲಿ ನಿಲ್ಲಲಿಲ್ಲ. ಗಂಡನ ತಮ್ಮ ಗುತ್ತಿಗೆಗೆ ಜಮೀನು ಹಿಡಿದು ಶುಂಠಿ ಹಾಕಿದ, ಅದಕ್ಕೆ ಹೋಯಿತು. ನನ್ನನ್ನು ಕೇಳಿಯೇ ಕೊಟ್ಟದ್ದು ಎಂದು ಗಂಡ ಹೇಳುತ್ತಾರೆ. ಹೇಳಿದ್ದರು, ಕೇಳಿರಲಿಲ್ಲ.

ಈ ಸಲ ಶುಂಠಿಯ ಬೆಲೆ ಬಿದ್ದುಹೋಯಿತು. ಮೊನ್ನೆ ಭಾನುವಾರ ಅರಕಲಗೂಡಿಗೆ ಹೋಗಿದ್ದೆವು. ಹೊಲದ ಬದುವಿನಲ್ಲಿ ನಿಂತು, ಯಾವಾಗ ಕೀಳಿಸ್ತೀಯಪ್ಪಾ ಎಂದು ಮೈದುನನನ್ನು ಕೇಳಿದೆ.

"ಬೆಲೆ ಬಿದ್ದದೆ ಅಂತ ಯಾರಾರಾ ಕೀಳ್ತಾರಾ ಅತ್ಗೆ? ನೆಲದಾಗೇ ಇರ್ಲಿ ಬುಡಿ. ಗೆಡ್ಡೆಗೇನೂ ರೋಗ ಇಲ್ಲ. ಬರೋ ವರ್ಸ ಬೆಲೆ ಬಂದೇ ಬತ್ತದೆ. ತಾಳ್ಮೆ ಬೇಕು."

ನನ್ನ ಗಂಡ "ಊಂ ಮತ್ತೆ" ಎಂದರು.

ನನಗೆ ಮೈಯೆಲ್ಲ ಉರಿದುಹೋಯಿತು. ರೋಗ ಬಂದರೆ ಕೀಳಬೇಕು, ಬರೀ ಬೆಲೆ ಬಿದ್ದರೆ ಕಾಯಬೇಕು. ಇಷ್ಟೂ ಇವರಿಗೆ ಗೊತ್ತಿತ್ತು!

"ನನ್ನ ಕಂಪನಿಗೆ ಯಾವ ರೋಗ ಬಂದಿತ್ತು?" ಎಂದು ಕೇಳಿಯೇಬಿಟ್ಟೆ. "ಇದಕ್ಕೆ ವರ್ಷ ಕಾಯ್ತೀರಿ. ಅದಕ್ಕೆ ಹದಿನೈದು ದಿನವೂ ಕಾಯೋಕಾಗಲಿಲ್ವಾ?"

ಮೈದುನ ನಕ್ಕ. "ಅದ್ಕೂ ಇದ್ಕೂ ಎಲ್ಲಿಗೆಲ್ಲಿ ಅತ್ಗೆ? ಇದು ನಮ್ದು. ಅದು ಯಾರ್ದೋ."

ನಾನು ಗಂಡನ ಮುಖ ನೋಡಿದೆ. ಯಾರದೋ ಅಲ್ಲ, ಅದು ಅವಳದು ಎಂದು ಒಂದು ಮಾತು ಹೇಳುತ್ತಾರೇನೋ ಎಂದು ಕಾದೆ. ಅವರು ಹೌದೆಂದು ತಲೆಯಾಡಿಸಿದರು, ತಮ್ಮನ ಮಾತಿಗೆ.